ಲಿನನ್ ಮೇಡಂ ಹೆಣೆದ ವರ್ಷ

ನನ್ನ ಅತ್ತಿಗೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಲಿನನ್ ಮೇಡಂ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಅವರು ಇಡೀ ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಗೌನುಗಳನ್ನು ಆಳುತ್ತಿದ್ದರು. ನೋಡಿಕೊಳ್ಳುತ್ತಿದ್ದರು ಎಂದರೆ ಕಡಿಮೆಯಾಗುತ್ತದೆ. ಒಂದು ದಿಂಬಿನ ಚೀಲ ಕಾಣದಿದ್ದರೆ ದೊಡ್ಡ ಡಾಕ್ಟರನ್ನೂ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವ ಹೆಂಗಸು. ಬಿಳಿ ಮತ್ತು ಹಸಿರು ಬಿಟ್ಟರೆ ಮೂರನೆಯ ಬಣ್ಣ ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಮುಂದೆ ನಮ್ಮ ತಲೆಯ ಮೇಲೆ ಬಂದು ಬಿದ್ದ ಬಣ್ಣಗಳಿಗೆಲ್ಲ ಇದೇ ಕಾರಣ ಇರಬೇಕು ಎನ್ನುವುದು ನನ್ನ ಗುಮಾನಿ.

ಆಸ್ಪತ್ರೆಯವರು ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ವಹಿಸಿಬಿಟ್ಟರು. ಬಾಯ್ಲರ್ ತಣ್ಣಗಾಯಿತು, ಅತ್ತಿಗೆಗೆ ಅವಧಿಗೆ ಮುಂಚೆಯೇ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಕೊಟ್ಟರು. ಹಿಂದಿನ ವರ್ಷ ಅಡುಗೆಮನೆಯ ಮುಖ್ಯಸ್ಥನಿಗೆ ಕೊಟ್ಟದ್ದೂ ಅದೇ ಗಡಿಯಾರ, ಸುತ್ತಿದ್ದೂ ಅದೇ ಕಾಗದ.

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಯಾರೋ ಒಬ್ಬ ಅಂಗಡಿಗೆ ಹೋಗಿ ಬೆರಳು ತೋರಿಸಿದ, ಅಂಗಡಿಯವನು ಸುತ್ತಿ ಕೊಟ್ಟ. ಇವಳಿಗೆ ಏನು ಬೇಕು ಅಂತ ಒಬ್ಬರಾದ್ರೂ ಒಂದು ಗಳಿಗೆ ಕೂತು ಯೋಚನೆ ಮಾಡಿದ್ರಾ? ಇನ್ನು ಒಂದು ವರ್ಷ ನಾನು ಯಾರಿಗೂ ಅಂಗಡಿ ಸಾಮಾನು ಕೊಡಲ್ಲ. ಏನು ಕೊಟ್ರೂ ನನ್ನ ಕೈಯಲ್ಲಿ ಮಾಡಿದ್ದೇ."

ನನ್ನ ಅಣ್ಣ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವನು, ಮಾತು ಕಡಿಮೆ. "ಒಳ್ಳೇದು" ಅಂದ. ಹೆಂಡತಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಒಪ್ಪಿಕೊಳ್ಳುವುದು ಅವನ ಹಳೆಯ ಚಾಳಿ.

ಅತ್ತಿಗೆಗೆ ಹರಿದ ಹೊದಿಕೆಗೆ ಮಿಷನ್ ಮೇಲೆ ತೇಪೆ ಹಾಕುವುದು ಚೆನ್ನಾಗಿ ಬರುತ್ತಿತ್ತು. ಕ್ರೋಶಾ ಬರುತ್ತಿರಲಿಲ್ಲ, ಕ್ರಾಸ್ ಸ್ಟಿಚ್ ಅಂತೂ ದೂರದ ಮಾತು. ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ, ತೊಂದರೆ ಇದ್ದದ್ದು ಅಲ್ಲಿ. ಮೊಬೈಲಿನಲ್ಲಿ ಮುಖ ಕಾಣಿಸದ ಯಾವಳೋ ಒಬ್ಬಳು ಕೊಕ್ಕೆ ಮೂತಿಯ ಕಡ್ಡಿಯಿಂದ ದಾರ ಎಳೆದೆಳೆದು ಹೂವು ಮಾಡುತ್ತಿದ್ದಳು. ಅದನ್ನು ನೋಡಿ "ಇಷ್ಟೇನಾ" ಎಂದು ಎದ್ದು ಹೋದವರು ಒಂದು ಚೀಲ ಉಲ್ಲನ್ ಹೊತ್ತು ತಂದರು. ಕಿತ್ತಳೆ, ನೇರಳೆ, ಗಿಳಿ ಹಸಿರು, ಮತ್ತೆ ಒಂದು ಗುಲಾಬಿ. ಆ ಗುಲಾಬಿಯನ್ನು ನೋಡಿದರೆ ಹಲ್ಲು ಜುಂ ಅನ್ನುತ್ತಿತ್ತು.

ಮೊದಲ ಎರಡು ತಿಂಗಳು ಅವರ ಮನೆಯೊಳಗೇ ಅನಾಹುತ ನಡೆಯಿತು. ಟೀವಿಗೆ ಹೊದಿಕೆ ಬಂತು, ಫ್ರಿಜ್ಜಿನ ಹಿಡಿಗೆ ಕೈಗವಸು ಬಂತು, ನೀರಿನ ಬಾಟಲಿಗೆ ಅಂಗಿ ಬಂತು. ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಬೂಟು ಬಂದವು. ಆ ಕುರ್ಚಿಯ ಮೇಲೆ ಕೂತ ಅಣ್ಣ ಟೈಲ್ಸ್ ಮೇಲೆ ಹಿಂದಕ್ಕೆ ಜಾರಿ ಗೋಡೆಗೆ ತಲೆ ಬಡಿಸಿಕೊಂಡ. "ನೋಡ್ಕೊಂಡು ಕೂರ್ಬೇಕು" ಅಂದರು ಅತ್ತಿಗೆ. ಉಪ್ಪಿನ ಡಬ್ಬಿಗೂ ಟೋಪಿ ಇದ್ದ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸವಾಯಿತು.

ಆಮೇಲೆ ಅದು ಹೊಸ್ತಿಲು ದಾಟಿತು.

ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರಿಗೆ ಹುಟ್ಟುಹಬ್ಬಕ್ಕೆಂದು ಕ್ರಾಸ್ ಸ್ಟಿಚ್ಚಿನ ಹೂವಿನ ಬುಟ್ಟಿ. ಕ್ರಾಸ್ ಸ್ಟಿಚ್ಚಿಗೆ ಚೌಕಳಿ ಹಾಳೆಯ ಮೇಲಿನ ಚಿತ್ರ ನೋಡಿ, ಬಟ್ಟೆಯ ಮನೆಗಳನ್ನು ಎಣಿಸಿಕೊಂಡು, ಒಂದೊಂದಕ್ಕೂ ಸೂಜಿಯಿಂದ ಗುಣಾಕಾರದ ಗುರುತು ಹಾಕಬೇಕು. ಅತ್ತಿಗೆಗೆ ಎಣಿಸುವುದೆಂದರೆ ಅವಮಾನ. "ಜೀವಮಾನ ಪೂರ್ತಿ ಹೊದಿಕೆ ಎಣಿಸಿದ್ದೀನಿ. ಕಣ್ಣಳತೆ ಸಾಕು," ಎನ್ನುತ್ತಿದ್ದರು. ಆ ಕಣ್ಣಳತೆಯಲ್ಲಿ ಬುಟ್ಟಿ ಒಂದು ಕಡೆ ಕುಸಿದಿತ್ತು, ಹೂವುಗಳೆಲ್ಲ ಸೊಂಟ ಹಿಡಿದಂತೆ ನಿಂತಿದ್ದವು. ಮೇಷ್ಟ್ರು ಚಿತ್ರ ಕಲಿಸಿಯೇ ಹೊಟ್ಟೆ ಹೊರೆದವರು. ಅಂಥವರು ಬಾಯಿಬಿಟ್ಟು, "ಎಂಥಾ ಕಲೆ ಮೇಡಂ ನಿಮ್ದು" ಅಂದುಬಿಟ್ಟರು. ವಿದ್ಯಾರ್ಥಿ ಬಿಡಿಸಿದ್ದರೆ ಹಾಳೆ ಹರಿದು ಕೈಗೆ ಕೊಡುತ್ತಿದ್ದ ಮನುಷ್ಯ.

ನನಗೆ ಎರಡು ಹಂಸಗಳು ಬಂದವು. ಕುತ್ತಿಗೆ ಉಳುಕಿದ ಬಾತುಕೋಳಿಗಳು ಅನ್ನಿ.

"ಹೇಗಿದೆ?"

"ಅತ್ತಿಗೆ, ಚೆನ್ನಾಗಿಲ್ಲ," ಅಂದೆ. "ಇದನ್ನ ನಾನು ಗೋಡೆಗೆ ಹಾಕಲ್ಲ."

"ನಿನಗೆ ರುಚಿ ಇಲ್ಲ."

"ಇರಲಿ ಬಿಡಿ."

ಹಂಸಗಳು ಅಟ್ಟ ಸೇರಿದವು. ನನ್ನ ಅಮ್ಮನಿಗೆ, ಅಂದರೆ ಅತ್ತಿಗೆಯ ಅತ್ತೆಗೆ, ನೇರಳೆ ಬಣ್ಣದ ಕ್ರೋಶಾ ಟೋಪಿ ಬಂತು. ಕಿವಿ ಮುಚ್ಚಲು ಎರಡು ಕಡೆ ಕಿತ್ತಳೆ ಬಣ್ಣದ ರೆಕ್ಕೆ. ಅಮ್ಮ ನನ್ನೊಂದಿಗೇ ಇರುವವಳು, ಬಾಯಲ್ಲಿ ಬೇಲಿ ಇಲ್ಲ. ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹಾಕ್ಕೊಂಡು ನಾನು ಸತ್ರೆ ಹೆಣ ಎತ್ತೋಕೆ ಬಂದೋರು ನಕ್ಕು ಕೈಬಿಡ್ತಾರೆ" ಅಂದಳು. ಅತ್ತಿಗೆ ಮುಖ ಗಂಟಿಕ್ಕಿಕೊಂಡು ಹೊರಟರು. ಅವರ ಕಣ್ಣಿಗೆ ನಾವಿಬ್ಬರೂ ಹೊಟ್ಟೆಕಿಚ್ಚಿನವರು.

ಹೊಗಳುವುದರಲ್ಲಿ ಎಲ್ಲರನ್ನೂ ಮೀರಿಸಿದವಳು ನನ್ನ ತಮ್ಮನ ಹೆಂಡತಿ. ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಎಂಥ ಮುಖಕ್ಕೂ ಕನ್ನಡಿಯ ಮುಂದೆ ಒಂದು ಒಳ್ಳೆಯ ಮಾತು ಹುಡುಕಿ ಹುಡುಕಿ ಅವಳ ನಾಲಿಗೆಗೆ ಅದೇ ರೂಢಿ. ಫೋನು ಎತ್ತಿದರೆ, "ಅಕ್ಕ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು. ನನಗೂ ಏನಾದ್ರೂ ದೊಡ್ಡದು ಮಾಡ್ಕೊಡಿ, ಹೊಸಾ ಮನೆಗೆ ಹೋಗ್ತಿದ್ದೀವಿ." ಕೇಳಿದ್ದು ಅವಳೇ ಎಂಬುದನ್ನು ನೆನಪಿಡಿ.

ಅತ್ತಿಗೆ ಅವಳ ಊಟದ ಮೇಜಿಗೆ ಕ್ರೋಶಾ ಹಾಸು ಹೆಣೆಯಲು ಕೂತರು. ಈ ಸಲ ದಾರ ಬಿಳಿ ಹತ್ತಿಯದು. ನಾಲ್ಕು ತಿಂಗಳು ಹಿಡಿಯಿತು. ತಪ್ಪಿದಲ್ಲಿ ಬಿಚ್ಚಿದರು, ಬಿಚ್ಚಿದ್ದನ್ನು ಮತ್ತೆ ಹೆಣೆದರು, ಬಾಯೊಳಗೇ ಎಣಿಸಿದರು. ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡ ದಿನವೂ ಕಡ್ಡಿ ಕೆಳಗಿಡಲಿಲ್ಲ. ಮುಗಿದ ಮೇಲೆ ಅದನ್ನು ಹರಡಿ ನೋಡಿದೆ. ಅಂಚು ನೇರವಿತ್ತು. ನಡುವೆ ದೊಡ್ಡ ಹೂವು, ಸುತ್ತ ಸಣ್ಣವು, ಒಂದೂ ಸೊಟ್ಟ ಇರಲಿಲ್ಲ. ಇಷ್ಟು ದಿನ ಬಣ್ಣಗಳ ಜೊತೆ ಗುದ್ದಾಡಿದ ಕೈ ಬಿಳಿ ಸಿಕ್ಕಿದ ಕೂಡಲೇ ಹದಕ್ಕೆ ಬಂದಿತ್ತು. ಚೆನ್ನಾಗಿದೆ ಎಂದು ಹೇಳಿದೆ. "ಈಗ ರುಚಿ ಬಂತಾ?" ಅಂದರು. ಒಂದು ಒಳ್ಳೆಯ ಮಾತನ್ನು ಆರಾಮಾಗಿ ಹೇಳಿಸಿಕೊಳ್ಳುವ ಜಾಯಮಾನ ಅವರದಲ್ಲ.

ಹಾಸು ಹೊಸ ಮನೆ ಸೇರಿತು. ಒಂದು ತಿಂಗಳು ಕಳೆದಿರಬೇಕು, ದಾರ ಕೊಳ್ಳಲು ಪೇಟೆಗೆ ಹೊರಟ ಅತ್ತಿಗೆಯ ಜೊತೆ ನಾನೂ ಹೋಗಿದ್ದೆ. ಪಾರ್ಲರ್ ದಾರಿಯಲ್ಲೇ ಇತ್ತು, ಹೇಳದೆ ಕೇಳದೆ ಒಳಗೆ ಹೋದೆವು. ಕುರ್ಚಿಯ ಮೇಲೆ ಗಿರಾಕಿಯೊಬ್ಬಳು ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದಳು. ಕೂದಲು ತೊಳೆಯುವ ಬೇಸಿನ್ನಿನ ಕೆಳಗೆ, ನೀರು ಸೋರುವ ಕಡೆ, ಕಂದು ಬಣ್ಣ ಕುಡಿದು ಮುದ್ದೆಯಾದ ಒಂದು ಬಟ್ಟೆ ಬಿದ್ದಿತ್ತು. ಅತ್ತಿಗೆ ಬಗ್ಗಿ ಅದನ್ನು ಎತ್ತಿದರು. ಅರ್ಧ ಹೂವು ಕಾಣಿಸಿತು. ಕತ್ತರಿಸಿದ ಕಡೆಯಿಂದ ದಾರ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು.

"ಅಕ್ಕ, ಅದು ನಿಮ್ದಲ್ಲ," ಅಂದಳು ತಮ್ಮನ ಹೆಂಡತಿ, ಬ್ರಷ್ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. "ಅದೇ ತರದ್ದು ಇನ್ನೊಂದು. ಅಂಗಡಿಯಲ್ಲಿ ತಗೊಂಡಿದ್ದು."

ಅತ್ತಿಗೆ ಒಂದು ಕಡೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಉಂಡೆ ಮುಗಿದು ಹೊಸ ದಾರ ಸೇರಿಸಿದ್ದೆ. ಆವತ್ತು ಹಲ್ಲುನೋವು, ಗಂಟು ದಪ್ಪ ಆಯ್ತು. ಅಂಗಡಿಯವನಿಗೂ ಹಲ್ಲುನೋವಿತ್ತಾ?"

ಅವಳು ಬಣ್ಣದ ಬಟ್ಟಲು ಕೆಳಗಿಟ್ಟಳು. "ಮೇಜಿಗೆ ಉದ್ದ ಆಯ್ತಕ್ಕ. ಅದಕ್ಕೇ ಎರಡು ಮಾಡಿದೆ."

"ಒರೆಸೋಕೆ ಹಾಕಿದ್ದಕ್ಕೆ ನಾನು ಏನೂ ಅನ್ನಲ್ಲ. ಹರಿದ ಹೊದಿಕೆನೆಲ್ಲ ಒರೆಸೋ ಬಟ್ಟೆ ಮಾಡಿ ಅಂತ ನಾನೇ ಕಳಿಸ್ತಿದ್ದೆ. ಬಟ್ಟೆ ಕೊನೆಗೆ ಹೋಗೋದೇ ಅಲ್ಲಿಗೆ. ಹರಿಯೋಕೆ ಮುಂಚೆ ಕತ್ತರಿ ಯಾಕೆ ಹಾಕಿದೆ? ಉದ್ದ ಆಯ್ತು ಅಂತ ಒಂದು ಮಾತು ಹೇಳಿದ್ರೆ ನಾನೇ ಬಿಚ್ಚಿ ಚಿಕ್ಕದು ಮಾಡ್ತಿರ್ಲಿಲ್ವಾ?"

"ನಿಮಗೆ ಬೇಜಾರಾಗುತ್ತೆ ಅಂತ," ಅಂದಳು.

ತಲೆಗೆ ಬಣ್ಣ ಮೆತ್ತಿದ್ದ ಗಿರಾಕಿ ಕನ್ನಡಿಯಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಅತ್ತಿಗೆ ಆ ಒದ್ದೆ ತುಂಡನ್ನು ಬೇಸಿನ್ನಿನಲ್ಲಿ ಹಿಂಡಿ, ಮಡಿಸಿ, ಕೈಚೀಲಕ್ಕೆ ಹಾಕಿಕೊಂಡು ಹೊರಟರು. ದಾರದ ಅಂಗಡಿಯ ಮುಂದೆ ಹೋಗುವಾಗ ಆ ಕಡೆ ತಿರುಗಿಯೂ ನೋಡಲಿಲ್ಲ.

ಅಳುತ್ತಾರೆ ಎಂದು ನಾನು ಎಣಿಸಿದ್ದೆ. ಅತ್ತಿಗೆ ಮೂರನೆಯ ದಿನ ದೊಡ್ಡ ಬಟ್ಟೆ ಚೀಲ ಹಿಡಿದು ಬೀದಿಗಿಳಿದರು.

"ಕೊಟ್ಟಿದ್ದನ್ನ ವಾಪಸ್ ಕೇಳ್ತೀಯಾ?" ಎಂದು ಅಣ್ಣ ಹೌಹಾರಿದ.

"ಕೇಳಲ್ಲ, ತರ್ತೀನಿ. ವಾರ್ಡಿನಲ್ಲಿ ಬಳಸದೆ ಬಿದ್ದಿರೋ ಹೊದಿಕೆ ಲಿನನ್ ಕೋಣೆಗೆ ವಾಪಸ್ ಬರ್ಬೇಕು. ಬಳಸ್ತಿದ್ರೆ ಬಿಡ್ತೀನಿ, ಬಿದ್ದಿದ್ರೆ ಎತ್ಕೊಂಡು ಬರ್ತೀನಿ."

ಡ್ರಾಯಿಂಗ್ ಮೇಷ್ಟ್ರು ಗೇಟಿನ ಸದ್ದು ಕೇಳಿ ಓಡಿಹೋಗಿ ಹೂವಿನ ಬುಟ್ಟಿಯನ್ನು ಮೊಳೆಗೆ ನೇತುಹಾಕಿದ್ದರು. ಗಡಿಬಿಡಿಯಲ್ಲಿ ಅದು ತಲೆಕೆಳಗಾಗಿತ್ತು. ಬುಟ್ಟಿ ಮೇಲೆ, ಹೂವು ಕೆಳಗೆ. "ದಿನಾ ನೋಡ್ತಾ ಇರ್ತೀನಿ ಮೇಡಂ" ಅಂದರಂತೆ. "ಹೀಗೇ ನೋಡ್ತೀರಾ?" ಎಂದು ಕೇಳಿ ಅತ್ತಿಗೆ ಅದನ್ನು ಮೊಳೆಯಿಂದ ಇಳಿಸಿಕೊಂಡರು. ಹಳೆಯ ಸಹೋದ್ಯೋಗಿ ನರ್ಸಿನ ಮನೆಯಲ್ಲಿ ಮಗುವಿನ ಅಂಗಿ ಪೆಟ್ಟಿಗೆಯಿಂದ ಮಡಿಕೆ ಕೂಡ ಬಿಚ್ಚದೆ ಹೊರಬಂತು. ಇನ್ನೊಂದು ಮನೆಯಲ್ಲಿ ಗುಲಾಬಿ ದಿಂಬಿನ ಹೊದಿಕೆಯ ಮೇಲೆ ಬೆಕ್ಕು ಮರಿ ಹಾಕಿತ್ತು. ಬಳಕೆಯಲ್ಲಿದೆ ಎಂದು ಅಲ್ಲೇ ಬಿಟ್ಟು ಬಂದರು. ಬಾಯಿ ತುಂಬ ಹೊಗಳಿದ್ದವರು ಎರಡೂ ಕೈಯಿಂದ ಎತ್ತಿ ಎತ್ತಿ ಕೊಟ್ಟರು. ಎಷ್ಟೋ ದಿನದ ತಲೆನೋವು ಇಳಿದವರ ಹಾಗೆ ಕಂಡರಂತೆ. ಒಬ್ಬಳಂತೂ ಚೀಲ ಹಿಡಿದು ಮೆಟ್ಟಿಲಿಳಿಸಿ ಬಂದಳಂತೆ. ಇವರನ್ನೆಲ್ಲ ಏನೆನ್ನಬೇಕು? ಅತ್ತಿಗೆಯ ಕೈ ಕೆಟ್ಟದ್ದಿತ್ತು, ಒಪ್ಪಿದೆ. ಇವರ ಬಾಯಿ ಅದಕ್ಕಿಂತ ಕೆಟ್ಟದ್ದು. ಕೈ ತಿದ್ದಿಕೊಳ್ಳಬಹುದು.

ನಮ್ಮ ಮನೆಗೆ ಬಂದಾಗ ಕೇಳುವ ಮೊದಲೇ ನಾನು ಅಟ್ಟದಿಂದ ಹಂಸಗಳನ್ನು ಇಳಿಸಿ ಕೊಟ್ಟೆ.

"ನೀನೊಬ್ಬಳು ಸುಳ್ಳು ಹೇಳಲಿಲ್ಲ," ಅಂದರು. "ಅದಕ್ಕೆ ಬೆನ್ನು ತಟ್ತೀನಿ ಅಂದ್ಕೋಬೇಡ. ನಿನ್ನ ಮಾತಿಗೆ ಮೈಯೆಲ್ಲ ಉರಿದಿತ್ತು."

"ನಾನು ಕೇಳಿದ್ನಾ?"

ಒಳಕೋಣೆಯಲ್ಲಿ ಅಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ತಲೆಗೆ ನೇರಳೆ ಟೋಪಿ, ಕಿವಿಯ ಮೇಲೆ ಕಿತ್ತಳೆ ರೆಕ್ಕೆಗಳು, ಗದ್ದದ ಕೆಳಗೆ ಗಂಟು. ಬಾಗಿಲಲ್ಲಿ ಅತ್ತಿಗೆ ನಿಂತುಬಿಟ್ಟರು. ಫ್ಯಾನಿನ ಗಾಳಿ ತಲೆಗೆ ಹೊಡೆಯುತ್ತದೆ ಎಂದು ಅಮ್ಮ ಅದನ್ನು ದಿನಾ ಹಾಕಿಕೊಳ್ಳುತ್ತಿದ್ದಳು. ನಾನು ಹೇಳಿರಲಿಲ್ಲ, ಹೇಳಿದರೆ ಅತ್ತಿಗೆಗೆ ಕೊಂಬು ಬರುತ್ತದೆ ಎಂದು.

ಸದ್ದಿಗೆ ಅಮ್ಮನಿಗೆ ಎಚ್ಚರವಾಯಿತು. ಚೀಲ ನೋಡಿದಳು, ಊರೆಲ್ಲ ಹಬ್ಬಿದ್ದ ಸುದ್ದಿ ಅವಳಿಗೂ ಮುಟ್ಟಿತ್ತು. ಎರಡೂ ಕೈಯಿಂದ ಟೋಪಿ ಹಿಡಿದುಕೊಂಡಳು.

"ಇದನ್ನ ಕೊಡಲ್ಲ."

"ಅತ್ತೆ, ನೀವೇ ತಾನೇ ಅವತ್ತು ಅಷ್ಟೊಂದು ಅಂದ್ರಿ?"

"ಅಂದೆ. ಈಗಲೂ ಅಂತೀನಿ. ಬಣ್ಣ ಹುಚ್ಚರ ತರ ಇದೆ, ಎಡಗಿವಿ ಹತ್ರ ಬಿಗಿ. ಆದ್ರೆ ತಲೆ ಬೆಚ್ಚಗಿರುತ್ತೆ. ತಲೆ ನನ್ನದು, ಟೋಪಿನೂ ನನ್ನದು."

ಅತ್ತಿಗೆ ಮಂಚದ ಅಂಚಿಗೆ ಕೂತರು. "ಬಿಗಿ ಇದ್ರೆ ಮೊದಲೇ ಹೇಳೋದಲ್ವಾ? ತೆಗೀರಿ, ಎರಡು ಸಾಲು ಬಿಚ್ಚಿ ಸಡಿಲ ಮಾಡ್ತೀನಿ."

"ಇಲ್ಲೇ ಕೂತು ಮಾಡು. ಮನೆಗೆ ತಗೊಂಡು ಹೋದ್ರೆ ನೀನು ಅದಕ್ಕೆ ಬಾಲ ಸೇರಿಸಿ ತರ್ತೀಯ."

ಅತ್ತಿಗೆ ನಕ್ಕರು. ಪಾರ್ಲರಿನಿಂದ ಬಂದ ಮೇಲೆ ನಾನು ನೋಡಿದ ಮೊದಲ ನಗು. ಕೈಚೀಲದಿಂದ ಕಡ್ಡಿ ತೆಗೆದು ಎಡಗಿವಿಯ ರೆಕ್ಕೆ ಬಿಚ್ಚಲು ಶುರುಮಾಡಿದರು. ಅಮ್ಮ ಅಲ್ಲಿ ಬಿಗಿ, ಇಲ್ಲಿ ಸಡಿಲ ಎಂದು ಸಂಜೆಯವರೆಗೂ ಗೊಣಗಿದಳು.

ವಾಪಸು ಬಂದದ್ದನ್ನೆಲ್ಲ ಅತ್ತಿಗೆ ಬಿಚ್ಚಿದರು. ಒಮ್ಮೆ ಹೆಣೆದು ಬಿಚ್ಚಿದ ಉಲ್ಲನ್ ಗುಂಗುರು ಕೂದಲಿನಂತೆ ಸುರುಟಿರುತ್ತದೆ. ತೊಳೆದು, ಕೆಳಗೆ ಭಾರ ಕಟ್ಟಿ ನೇತುಹಾಕಿದರೆ ನೇರವಾಗುತ್ತದೆ. ಅವರ ಬಾಲ್ಕನಿಯಲ್ಲಿ ಒಂದು ವಾರ ದಾರದ ಕಂತೆಗಳು, ಒಂದೊಂದರ ತುದಿಗೂ ಒಂದೊಂದು ಚಮಚ. ಟೀವಿ, ಬಾಟಲಿ, ಉಪ್ಪಿನ ಡಬ್ಬಿ ಎಲ್ಲ ಬರಿಮೈಯಲ್ಲಿ ನಿಂತವು. ಕ್ರಾಸ್ ಸ್ಟಿಚ್ಚನ್ನು ಅವರು ಪೂರ್ತಿ ಕೈಬಿಟ್ಟರು, ಅದಕ್ಕೆ ನಾವೆಲ್ಲ ಋಣಿಗಳು.

ತಮ್ಮನ ಹೆಂಡತಿ ಒಂದು ದಿನ ಮುಖಕ್ಕೆ ಹಚ್ಚುವ ಕ್ರೀಮು ಹಿಡಿದು ರಾಜಿಗೆ ಬಂದಳು. ಅತ್ತಿಗೆ ಟೀ ಕೊಟ್ಟರು, ಕ್ಷೇಮ ವಿಚಾರಿಸಿದರು. "ಅಕ್ಕ, ನಿಮ್ಮ ಟೀ ಅಂದ್ರೆ ಟೀ" ಎಂದು ಅವಳು ಶುರುಮಾಡುತ್ತಿದ್ದಂತೆ, "ಸಕ್ಕರೆ ಹಾಕೋದು ಮರೆತಿದ್ದೀನಿ, ಕುಡಿದು ನೋಡಿ ಹೇಳು" ಅಂದರು. ಆ ಬಟ್ಟಲು ಮುಗಿಸಲು ಅವಳು ಪಟ್ಟ ಪಾಡನ್ನು ನಾನು ಕಣ್ಣು ತುಂಬ ನೋಡಿದೆ.

ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಅಣ್ಣ ಬಾಯಿಬಿಟ್ಟ. ವರ್ಷಪೂರ್ತಿ ಊರಿಗೆಲ್ಲ ಹಂಚಿದವರು ಗಂಡನಿಗೆಂದು ಒಂದು ಎಳೆಯನ್ನೂ ಹೆಣೆದಿರಲಿಲ್ಲ ಎಂಬುದು ಆಗಲೇ ನಮಗೆ ಹೊಳೆದದ್ದು. ಗಾಜು ಉಜ್ಜುವ ಮಿಷನ್ನಿನ ನೀರು ನೆಲಕ್ಕೆ ಚೆಲ್ಲಿ ಅವನ ಕಾಲು ಇಡೀ ದಿನ ಜೋಮು ಹಿಡಿಯುತ್ತಿತ್ತಂತೆ.

"ಕಾಲುಚೀಲ ಹೆಣೆಯೋಕೆ ಬರುತ್ತಾ?" ಎಂದು ಕೇಳಿದ.

"ಬರಲ್ಲ," ಅಂದರು ಅತ್ತಿಗೆ. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಕಾಲು ಚಾಚಿ, ಅಳತೆ ತಗೋತೀನಿ."

ಎಡಗಾಲಿನದು ಸರಿಯಾಗಿ ಕೂತಿದೆ. ಬಲಗಾಲಿನದನ್ನು ಎರಡು ಸಲ ಬಿಚ್ಚಿದ್ದಾರೆ, ಹಿಮ್ಮಡಿ ತಿರುಗಿಸುವ ಕಡೆ ಇನ್ನೂ ಲೆಕ್ಕ ತಪ್ಪುತ್ತಿದೆ. ಅಣ್ಣ ಸದ್ಯಕ್ಕೆ ಒಂದು ಕಾಲಿಗೆ ಹಾಕಿಕೊಂಡು ಅಂಗಡಿಗೆ ಹೋಗುತ್ತಾನೆ.