ರೇಡಿಯೋ ಅಂಗಡಿಯ ಹಿಂಬಾಗಿಲು

ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಅಪ್ಪ ಇಟ್ಟ ಹೆಸರೂ ಒಂದಿತ್ತು, ಅದು ಈಗ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದ್ದೇ ತಡ, ಬಾಯಿ ಶುರು. ಕತ್ತರಿ ನಿಂತರೂ ಅದು ನಿಲ್ಲದು. ತಲೆ ಮಾತ್ರ ಫಳಫಳ ಹೊಳೆಯುವ ಬೋಳು. "ಊರಿಗೆಲ್ಲ ಕಟಿಂಗು, ನನಗೆ ಉಳಿತಾಯ" ಎಂದು ತಾನೇ ನಗುತ್ತಿದ್ದ.

ಇಂಥವನು ಎರಡು ವರ್ಷ ಒಳಗೊಳಗೇ ಕೊರಗಿದ ಎಂದರೆ ನಂಬುತ್ತೀರಾ? ಅವನ ಅಂಗಡಿಯ ಮುಂದೆ ಬೀದಿ, ಹಿಂದೆ ಕಾಲುವೆ, ಮೇಲೆ ಮನೆ. ಕಾಲುವೆ ಎನ್ನುವುದು ಮರ್ಯಾದೆಯ ಮಾತು. ಹರಿದ ಹಾಸಿಗೆ, ಒಡೆದ ಬಕೆಟ್ಟು, ಕಪ್ಪು ಕೆಸರು, ಅದರ ಮೇಲೆ ಸೊಳ್ಳೆಗಳ ಸಂಸಾರ. ರಜೆಗೆ ಬಂದ ಮೊಮ್ಮಗಳಿಗೆ ಆ ಸೊಳ್ಳೆ ಕಚ್ಚಿ ಜ್ವರ ಬಂದು, ಮಗು ಸಾವಿನ ಬಾಯಿಂದ ವಾಪಸಾಗಿತ್ತು. ಮಗಳು ಕೂಗಾಡಲಿಲ್ಲ. "ಅಪ್ಪಾ, ಬೇಜಾರ್ ಮಾಡ್ಕೋಬೇಡ. ಆ ನೀರು ಹರಿಯೋವರೆಗೂ ಮಗೂನ ಇಲ್ಲಿಗೆ ಕರ್ಕೊಂಡು ಬರಲ್ಲ" ಎಂದಳು, ಅಷ್ಟೇ. ಹೆತ್ತ ಕರುಳು, ತಪ್ಪು ಅನ್ನೋಕಾಗುತ್ತದೆಯೇ? ಆದರೆ ಅಜ್ಜನದ್ದೂ ಕರುಳೇ ತಾನೇ. ಮೊಮ್ಮಗಳನ್ನು ಎತ್ತರಕ್ಕೆ ಕೂರಿಸಲೆಂದು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಡುತ್ತಿದ್ದ ಹಲಗೆಯನ್ನು ಅವನು ದಿನಾ ಒರೆಸಿ ಅದೇ ಜಾಗದಲ್ಲಿ ಇಡುತ್ತಿದ್ದ.

ಹಾಗಾಗಿ ಬೀದಿಯವರು ನಗರಸಭೆಯ ಜೊತೆ ಸೇರಿ ಕಾಲುವೆಗೆ ಮತ್ತೆ ಜೀವ ಕೊಡೋಣ ಎಂದು ಹೊರಟಾಗ, ಎಲ್ಲರಿಗಿಂತ ಮೊದಲು ಟೊಂಕ ಕಟ್ಟಿ ನಿಂತವನು ಇವನೇ. ಯಂತ್ರ ಬಂದು ಕೆಸರೆತ್ತಿತು. ದಡದ ಮೇಲೆ ಗಿಡ ನೆಟ್ಟರು, ನೋಡಿಕೊಳ್ಳಲು ತೋಟದವಳೊಬ್ಬಳು ಬಂದಳು. ರೇಡಿಯೋ ಅಂತೂ ಕಾವಲು ನಾಯಿ ಆಗಿಬಿಟ್ಟ. ಯಾರಾದರೂ ಒಂದು ಕಾಗದದ ಚೂರು ಬಿಸಾಡಿದರೂ, "ಕಾಲುವೆ ಏನು ನಿಮ್ಮಜ್ಜಿ ಸೆರಗಾ, ಕೈ ಒರೆಸೋಕೆ?" ಪಕ್ಕದ ಲಾಂಡ್ರಿಯವನಂತೂ ಸೋಪಿನ ನೀರಿನ ವಿಷಯಕ್ಕೆ ದಿನಕ್ಕೆರಡು ಸಲ ಬೈಸಿಕೊಂಡು ಹಲ್ಲು ಕಡಿಯುತ್ತಿದ್ದ.

ಕೊನೆಗೂ ಮೇಲಿನ ಕೆರೆಯಿಂದ ನೀರು ಬಿಟ್ಟರು. ಬಂತು, ಬಂತು, ರೇಡಿಯೋ ಅಂಗಡಿಯ ಪಕ್ಕದ ಕಿರುಸೇತುವೆಯ ತನಕ ಬಂತು. ಅಲ್ಲೇ ನಿಂತಿತು! ವಾರದೊಳಗೆ ಹಸಿರು ಪಾಚಿ, ಮತ್ತೆ ಅದೇ ನಾತ. ಮಗಳು ಫೋನಿನಲ್ಲಿ "ಹರೀತಾ ಇದ್ಯಾ ಅಪ್ಪಾ?" ಎಂದರೆ, ಮಾತಿಗೆಂದೂ ತಡವರಿಸದವನು ತಡವರಿಸಿದ.

ರಜೆಯ ದಿನ ಪ್ಯಾಂಟು ಮಡಚಿ ತಾನೇ ನೀರಿಗಿಳಿದ. ಯಂತ್ರದ ಕೈಗೆ ಸಿಗದೆ ಉಳಿದಿದ್ದ, ಸೇತುವೆ ಕೆಳಗಿನ ಕಬ್ಬಿಣದ ಜಾಲರಿಗೆ ಕೊಕ್ಕೆ ಹಾಕಿ ಜಗ್ಗಿದ. ಕರ್ರಗೆ, ದಪ್ಪಗೆ ಏನೋ ಅರ್ಧ ಕಿತ್ತು ಬಂತು. ದಡದಲ್ಲಿದ್ದ ಮಗುವೊಂದು "ಕರಡಿ!" ಎಂದು ಕಿರುಚಿತು. ಕರಡಿಯೂ ಅಲ್ಲ, ಗಿರಡಿಯೂ ಅಲ್ಲ. ಕೂದಲು. ಕರಿದು, ಬಿಳಿದು, ಬಣ್ಣ ಹಾಕಿದ ಕೆಂಪಗಿನದು, ಎಲ್ಲ ಕೆಸರಲ್ಲಿ ಹೆಣೆದುಕೊಂಡು ಕಂಬಳಿಯಾಗಿತ್ತು.

ದಡದಲ್ಲಿದ್ದವರ ಕಣ್ಣೆಲ್ಲ ಒಟ್ಟಿಗೆ ಅಂಗಡಿಯ ಹಿಂಬಾಗಿಲಿಗೆ ತಿರುಗಿದವು. ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಅವನಪ್ಪ ನೆಲದ ಕೂದಲನ್ನು ಆ ಹಿಂಬಾಗಿಲಿಂದ ಕಾಲುವೆಗೆ ಗುಡಿಸುತ್ತಿದ್ದ. ಇವನೂ ಗುಡಿಸುತ್ತಿದ್ದ. ಊರಿಗೆಲ್ಲ ಉಪದೇಶ ಮಾಡಿ ಬಂದ ಸಂಜೆಯೂ ಗುಡಿಸಿದ್ದ! ಉಫ್ ಎಂದರೆ ಹಾರುವ ಕೂದಲೂ ಒಂದು ಕಸವೇ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಮಹಡಿ ಕಿಟಕಿಯಿಂದ ಹೆಂಡತಿ ಹಣೆ ಚಚ್ಚಿಕೊಂಡಳು. "ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದೆ, ಪಕ್ಕದೆಲೆ ನೊಣ ಹೊಡೆಯೋಕೆ ಹೋದ್ರಂತೆ ಮಹಾರಾಯರು!"

ಲಾಂಡ್ರಿಯವನು ಇಂಥ ದಿನಕ್ಕೇ ಕಾದಿದ್ದ. "ಯಾರದಪ್ಪಾ ಇದು?" ಎಂದ, ಎಳೆದು ಎಳೆದು.

ರೇಡಿಯೋ ಬೋಳು ತಲೆ ಸವರಿಕೊಂಡ. "ನಂದಂತೂ ಅಲ್ಲ. ನೋಡ್ಕೊಳ್ಳಿ, ಇಲ್ಲಿ ಒಂದೆಳೆ ಇದ್ರೆ ಕೇಳಿ. ಎಲ್ಲ ನಿಮ್ಮದೇ!" ಎಲ್ಲರೂ ಹೋ ಎಂದು ನಕ್ಕರು. ಅವನು ನಗಲಿಲ್ಲ. "ಎಸೆದ ಕೈ ಮಾತ್ರ ನಂದು" ಎಂದ. "ಮಗೂನ ದೂರ ಇಟ್ಟಿದ್ದು ಈ ಕೈಯೇ." ಕೊಕ್ಕೆ ಹಿಡಿದು ನಿಂತಲ್ಲೇ ಅತ್ತುಬಿಟ್ಟ.

ಲಾಂಡ್ರಿಯವನ ಮುಖ ಇಷ್ಟೇ ಇಷ್ಟಾಯಿತು. ನೀರಿಗಿಳಿದು ಕಂಬಳಿಯ ಇನ್ನೊಂದು ತುದಿ ಹಿಡಿದ. "ಅಳೋದು ಆಮೇಲೆ. ಜಗ್ಗು ಮಾರಾಯ."

ತೋಟದವಳು ಮೇಲಿಂದ ಕೂಗಿದಳು: "ಎಸೀಬೇಡ್ರಪ್ಪೋ! ಗಿಡದ ಬುಡಕ್ಕೆ ಹೂಳೋಣ. ನಿಧಾನಕ್ಕೆ ಗೊಬ್ಬರ ಆಗುತ್ತೆ."

ಸಂಜೆಗೆ ಜಾಲರಿ ಖಾಲಿ. ನೀರು ಗುಳುಗುಳು ಎನ್ನುತ್ತ ಸೇತುವೆ ದಾಟಿತು. ರೇಡಿಯೋ ಮಗಳಿಗೆ ಫೋನು ಹಚ್ಚಿ, ಏನೂ ಹೇಳದೆ, ಬಗ್ಗಿ ಫೋನನ್ನು ನೀರಿನ ಹತ್ತಿರ ಹಿಡಿದ.

"ಅಪ್ಪಾ? ನೀನು ಮಾತಾಡ್ತಾ ಇಲ್ವಲ್ಲ, ಹುಷಾರಾಗಿದ್ದೀಯಾ?" ಎಂದು ಮಗಳು ಗಾಬರಿಯಾದಳು. ಆಮೇಲೆ ಅವಳಿಗೂ ಕೇಳಿಸಿತು. "ಭಾನುವಾರ ಬರ್ತೀವಿ" ಎಂದಳು.

ಭಾನುವಾರ ಅವನು ಕುರ್ಚಿಯನ್ನು ಹಿಂಬಾಗಿಲಾಚೆ, ಕಾಲುವೆಯ ಕಡೆಗೆ ಮುಖ ಮಾಡಿ ಇಟ್ಟ. ಪಕ್ಕದಲ್ಲಿ ಕೂದಲಿಗೊಂದು ಚೀಲ. ಹಲಗೆ ಒರೆಸಿ ಅಡ್ಡ ಹಾಕಿದ. ಮೊಮ್ಮಗಳು ಓಡಿಬಂದವಳು ಹಲಗೆ ನೋಡಿ ಕಿಸಕ್ಕನೆ ನಕ್ಕಳು. "ಅಯ್ಯೋ ಅಜ್ಜಾ, ನಾನು ದೊಡ್ಡೋಳಾದೆ. ಇದು ಬೇಡ ನಂಗೆ."

ಹೌದಲ್ಲ, ಮಗು ಅಜ್ಜನ ಕಣ್ಣ ಮರೆಯಲ್ಲೇ ಬೆಳೆದುಬಿಟ್ಟಿತ್ತು. ಹಲಗೆ ತೆಗೆದು ಅವಳ ಕೂದಲು ಕತ್ತರಿಸಿದ. ಬಿದ್ದದ್ದನ್ನೆಲ್ಲ ಅವಳೇ ಬಾಚಿ ಚೀಲಕ್ಕೆ ತುಂಬಿದಳು. ಆಮೇಲೆ ಅದೇ ಹಲಗೆಯನ್ನು ದಡದ ಎರಡು ಕಲ್ಲುಗಳ ಮೇಲಿಟ್ಟು, ಇಬ್ಬರೂ ನೀರಿನ ಮೇಲೆ ಕಾಲು ಇಳಿಬಿಟ್ಟು ಕೂತರು. ಅಜ್ಜ ಹರಿಯುವ ನೀರನ್ನೇ ನೋಡುತ್ತಿದ್ದ.

"ಸುಮ್ನೆ ಯಾಕಿದ್ದೀಯಾ? ಮಾತಾಡು ಅಜ್ಜಾ" ಎಂದು ಅವಳು ಮೊಣಕೈಯಿಂದ ತಿವಿದಳು.

ರೇಡಿಯೋ ಶುರುವಾಯಿತು.