ಹಲ್ಲಲ್ಲದ ಹಲ್ಲುನೋವು

ಮೊನ್ನೆ ಡೊಂಬಿವಲಿಯ ನಮ್ಮ ಮನೆಯ ಕಪಾಟು ಒರೆಸುವಾಗ ಲವಂಗದೆಣ್ಣೆಯ ಪುಟ್ಟ ಸೀಸೆಯೊಂದು ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ಘಾಟಿನೊಂದಿಗೆ ಅತ್ತೆ ಮಾತು ಬಿಟ್ಟಿದ್ದ ಮೂರು ತಿಂಗಳು ನೆನಪಾದವು.

ಅತ್ತೆ, ಎಂದರೆ ನನ್ನ ಗಂಡನ ತಾಯಿ, ಉಡುಪಿ ಕಡೆಯವರು. ತರಕಾರಿಯವನೊಡನೆ ಮರಾಠಿ, ಊರಿನ ಅಕ್ಕನೊಡನೆ ಫೋನಿನಲ್ಲಿ ತುಳು, ನನ್ನೊಡನೆ ಕನ್ನಡ. ಅವರ ಬಾಯಿಗೆ ಬಿಡುವೇ ಇರಲಿಲ್ಲ. ಒಂದು ದಿನ ಆಫೀಸಿನ ಕಾಲ್ ನಡೆಯುತ್ತಿದ್ದಾಗ, “ಅತ್ತೆ, ಸ್ವಲ್ಪ ಮೆಲ್ಲ ಮಾತಾಡಿ” ಎಂದೆ. ತುಸು ಗಡುಸಾಗಿಯೇ ಎಂದೆ, ಸುಳ್ಳೇಕೆ ಹೇಳಲಿ. ಅದೇ ವಾರದಿಂದ ಅವರ ಮಾತು ನಿಂತಿತು.

ಹಲ್ಲುನೋವು ಎಂದಿದ್ದರು, ಲವಂಗದೆಣ್ಣೆ ಹಚ್ಚಿಕೊಂಡಿದ್ದರು, ನಿಜ. ಆದರೆ ಯಾವುದೋ ದವಾಖಾನೆಯಲ್ಲಿ ಬಲಗಡೆಯ ದವಡೆಹಲ್ಲು ಕೀಳಿಸಿಕೊಂಡು ಬಂದಾಗಿತ್ತು. ಕಿತ್ತ ಮೇಲೆ ಎಂಥ ನೋವು, ಇದು ಸಿಟ್ಟೇ ಎಂದು ನಾನು ತೀರ್ಮಾನಿಸಿದೆ. ಫ್ಯಾನ್ ಹಾಕಿದರೆ ಸೆರಗನ್ನು ಕೆನ್ನೆಗೆಳೆದುಕೊಂಡು ಎದ್ದು ಹೋಗುತ್ತಿದ್ದರು. ದೋಸೆಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಒಂದೊಂದೂ ನನ್ನ ಮೇಲಿನ ದೂರಿನಂತೆ ಕಂಡಿತು. ನಾನೂ ಬಿಗಿದುಕೊಂಡೆ. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ ಬೇಗಬೇಗ ಉಂಡು ಏಳುತ್ತಿದ್ದರು.

ಕೊನೆಗೊಂದು ದಿನ ಅತ್ತೆ, “ಪಕ್ಕದ ಹಲ್ಲೂ ತೆಗೆಸ್ತೇನೆ” ಎಂದು ಹೊರಟು ನಿಂತರು. ಜೊತೆಗೆ ನಾನೇ ಹೋಗಬೇಕಾಯಿತು. ಈ ಸಲ ಸ್ಟೇಷನ್ ಹತ್ತಿರದ ಬೇರೆ ದವಾಖಾನೆ. ಡಾಕ್ಟರು ಇಲ್ಲೇ ಹುಟ್ಟಿದ ನಮ್ಮವರ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹಲ್ಲುಗಳನ್ನು ಒಂದೊಂದಾಗಿ ತಟ್ಟಿದಳು, ತಣ್ಣಗಿನದನ್ನು ಮುಟ್ಟಿಸಿದಳು, ಎಕ್ಸ್‌ರೇ ತೆಗೆದಳು. ಅತ್ತೆ ಅಲುಗಲಿಲ್ಲ.

“ದರ್ದ್ ಕಿತನೀ ದೇರ್ ರಹತಾ ಹೈ, ಆಂಟಿ?”

“ಒಂದು ನಿಮಿಷವೂ ಇಲ್ಲ ಮಗಾ. ಕರೆಂಟ್ ಹೊಡೆದ ಹಾಗೆ ಬರ್ತದೆ, ಹೋಗ್ತದೆ. ಗಾಳಿ ತಾಗಿದ್ರೂ ಬರ್ತದೆ, ಮಾತಾಡಿದ್ರೂ ಬರ್ತದೆ.”

ಅವಳು ಹತ್ತಿಯ ಎಳೆಯೊಂದನ್ನು ಅತ್ತೆಯ ಮೂಗಿನ ಪಕ್ಕಕ್ಕೆ ಸೋಕಿಸಿದಳು, ಅಷ್ಟೆ. ಅತ್ತೆ ಕಣ್ಣು ಮುಚ್ಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಬಳೆ ಒತ್ತಿ ನನಗೂ ನೋವಾಯಿತು.

“ದಾಂತ್ ಠೀಕ್ ಹೈ, ಆಂಟಿ. ಯೇ ಚೆಹರೇ ಕೀ ನಸ್ ಕಾ ದರ್ದ್ ಹೈ. ಮೈಂ ನಹೀಂ ನಿಕಾಲೂಂಗೀ.”

ಹಲ್ಲು ಸರಿಯಾಗಿಯೇ ಇದೆ, ಕೀಳುವುದಿಲ್ಲ ಎಂದಳು. ಹಲ್ಲಿನ ನೋವಾದರೆ ಸಾಮಾನ್ಯವಾಗಿ ಮಿಡಿಯುತ್ತಲೇ ಇರುತ್ತದೆ, ಬಿಸಿ ತಂಪಿಗೆ ಕೆರಳುತ್ತದೆ. ಮುಖದ ನರದ್ದಾದರೆ ಮಿಂಚಿನ ಹಾಗೆ ಹೊಡೆಯುತ್ತದೆ, ಹಗುರವಾಗಿ ಮುಟ್ಟಿದರೂ ಸಾಕು ಎಂದು ನನಗೆ ಬಿಡಿಸಿ ಹೇಳಿದಳು. ಠಾಣೆ ನಗರದ ನರರೋಗದ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು.

ರಿಕ್ಷಾದಲ್ಲಿ ನಾನೇ ಬಾಯಿ ಬಿಟ್ಟೆ. “ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೀರಿ ಅಂದುಕೊಂಡಿದ್ದೆ, ಅತ್ತೆ.”

ಅವರು ಕೆನ್ನೆಗೆ ಸೆರಗು ಅಡ್ಡ ಹಿಡಿದು ನನ್ನತ್ತ ತಿರುಗಿದರು. “ಸಿಟ್ಟಾ? ಎಂತಕ್ಕೆ? ಬಾಯಿ ತೆರೆದ್ರೆ ಜೀವ ಹೋಗ್ತಿತ್ತು ಮಾರಾಯ್ತಿ. ನೀನೇ ಸಿಟ್ಟಲ್ಲಿದ್ದಿ ಅಂತ ನಾನು.”

ನನ್ನ ಆ ಗಡುಸು ಮಾತು ಅವರಿಗೆ ನೆನಪೇ ಇರಲಿಲ್ಲ! ಇಲ್ಲದ ಸಿಟ್ಟಿಗೆ ಪ್ರತಿಯಾಗಿ ಮೂರು ತಿಂಗಳು ಮುಖ ಊದಿಸಿಕೊಂಡಿದ್ದ ಈ ವಿದ್ಯಾವಂತೆಯ ಬಗ್ಗೆ ನೀವೇನೆನ್ನುತ್ತೀರೋ ಗೊತ್ತಿಲ್ಲ.

ಠಾಣೆಯಲ್ಲಿ ಸ್ಕ್ಯಾನ್ ಆಯಿತು, ಮಾತ್ರೆ ಶುರುವಾಯಿತು. ಮೊದಮೊದಲು ತಲೆ ಸುತ್ತಿತು. ಆಮೇಲೆ ಮಾತು ಮೆಲ್ಲನೆ ಹಿಂತಿರುಗಿತು: ಮೊದಲು ಕನ್ನಡ, ನಂತರ ಮರಾಠಿ, ಕೊನೆಗೆ ತುಳು, ಅಕ್ಕನ ಫೋನು ಒಂದು ಗಂಟೆಗೆ ಕಡಿಮೆ ಇಲ್ಲವಲ್ಲ. ಕಿತ್ತ ಹಲ್ಲು ಮಾತ್ರ ಹೋದದ್ದು ಹೋಯಿತು.

ನೋವು ಪೂರ್ತಿ ಬಿಟ್ಟಿಲ್ಲ. ಅಪರೂಪಕ್ಕೊಮ್ಮೆ ಬಂದಾಗ ಅತ್ತೆ ‘ತಡಿ’ ಎನ್ನುವಂತೆ ತೋರುಬೆರಳೆತ್ತುತ್ತಾರೆ. ನಿನ್ನೆ ನಾನು ಲೋಕಲ್ ರೈಲು ಹಿಡಿಯಲು ಬ್ಯಾಗು ಏರಿಸಿ ಹೊರಟಾಗ ಅಂಬರನಾಥದ ಯಾವುದೋ ಮದುವೆಯ ಕತೆ ಹೇಳುತ್ತಿದ್ದರು. ನಡುವೆ ಬೆರಳು ಮೇಲೆದ್ದಿತು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತೆ. ಲೋಕಲ್ ಇನ್ನೊಂದು ಬರುತ್ತದೆ.

ಸ್ವಲ್ಪ ಹೊತ್ತಿಗೆ ಬೆರಳು ಇಳಿಯಿತು.

“ಎಲ್ಲಿಗೆ ನಿಲ್ಲಿಸಿದ್ದೆ?”

“ಮದುಮಗಳ ಅಪ್ಪ ಊಟ ಬಿಟ್ಟು ಎದ್ದರು,” ಎಂದೆ.