ಸೋಮ್‌ಗೆ ಸಿಗದ ರಜೆ

ಎಲ್ಲೂ ನಿಲ್ಲದ ಕಾಲು ನನ್ನದು. ಅಮೆರಿಕದ ಓಕ್ಲ್ಯಾಂಡಿನ ಥಾಯ್ ಹೋಟೆಲೊಂದರಲ್ಲೂ ಕೆಲವು ತಿಂಗಳು ತರಕಾರಿ ಹೆಚ್ಚಿದೆ. ಅಲ್ಲಿ ಅಡುಗೆ ಮಾಡುತ್ತಿದ್ದವನು ಸೋಮ್. ಇಬ್ಬರದೂ ಹರಕು ಇಂಗ್ಲಿಷು, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತ್ತು.

ಥಾಯ್ಲೆಂಡಿನ ಊರಲ್ಲಿ ಅವನ ತಾಯಿಗೆ ಕಾಯಿಲೆ ಜೋರಾಯಿತು. ಹೋಟೆಲಿನ ಯಜಮಾನ ತಾನಾಗಿ ಬಂದು, "ಹೋಗಿ ನೋಡ್ಕೊಂಡು ಬಾರಪ್ಪ, ಟಿಕೆಟ್ಟು ನಾನು ತೆಗೆಸಿಕೊಡ್ತೀನಿ" ಅಂದ. ಸೋಮ್ ಬೇಡವೆಂದು ತಲೆಯಾಡಿಸಿದ.

"ಯಾಕೋ ಮಾರಾಯ?" ಅಂದೆ.

"ನೆಟ್ಟಿನಲ್ಲಿ ನಮ್ಮ ರಾಜರ ಬಗ್ಗೆ ಒಂದು ಸಾಲು ಬರೆದಿದ್ದೆ. ರಾಜರನ್ನ ಬೈದವರಿಗೆ ನಮ್ಮಲ್ಲಿ ಕಾನೂನೇ ಇದೆ, ಈಗ ಹೋದರೆ ಏರ್‌ಪೋರ್ಟಿನಿಂದ ಸೀದಾ ಜೈಲು."

ನಮ್ಮೂರ ಟೀ ಅಂಗಡಿಯಲ್ಲಿ ಒಂದು ಲೋಟ ಮುಗಿಯುವುದರೊಳಗೆ ಮಂತ್ರಿಮಂಡಲವನ್ನೆಲ್ಲ ಬೈದು ಮುಗಿಸುತ್ತೇವೆ. ನನಗೆ ನಂಬಿಕೆಯೇ ಬರಲಿಲ್ಲ.

"ಅಂಥಾದ್ದೇನು ಬರೆದೆ?"

"ಅದನ್ನ ಇನ್ನೊಂದು ಸಲ ಹೇಳಿದ್ರೂ ತಪ್ಪೇ ಕಣೋ."

"ಅಮ್ಮನಿಗಾದ್ರೂ ಹೇಳಿದ್ದೀಯಾ?"

"ಹೇಳಿದ್ರೆ ಏನು ಬರೆದೆ ಅಂತ ಕೇಳ್ತಾಳೆ. ಆಮೇಲೆ ಅಕ್ಕಪಕ್ಕದವರ ಮುಂದೆ ಅದನ್ನೇ ಹೇಳ್ಕೊಂಡು ಅಳ್ತಾಳೆ. ಪೊಲೀಸರು ಅವಳನ್ನೂ ಎಳ್ಕೊಂಡು ಹೋದ್ರೆ?"

ಅಷ್ಟರಲ್ಲಿ ಅವಳದೇ ವಿಡಿಯೋ ಕಾಲು. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದಳು. ಸೋಮ್ ನಗುನಗುತ್ತ ಏನೋ ಹೇಳಿ ಫೋನಿಟ್ಟ.

"ಏನಂದೆ?"

"ಯಜಮಾನ ರಜೆ ಕೊಡ್ತಿಲ್ಲ ಅಂದೆ."

ಅದನ್ನೇ ನಂಬಿಕೊಂಡು ಆಕೆ ಹೋಗಿಬಿಟ್ಟಳು. ಸುದ್ದಿ ಬಂದ ದಿನವೂ ಸೋಮ್ ಒಲೆಯ ಮುಂದೆಯೇ ನಿಂತಿದ್ದ.

ಅವರ ಹಳ್ಳಿಯಲ್ಲಿ ಈಗಲೂ ನಮ್ಮ ಯಜಮಾನನನ್ನು ಶಪಿಸದವರಿಲ್ಲವಂತೆ. ಅವನನ್ನು ಎಷ್ಟು ಬೈದರೂ ಯಾವ ಕಾನೂನೂ ಅಡ್ಡ ಬರುವುದಿಲ್ಲ.